ಧನ ಹೋಗಿ ದನ ಆಯ್ತು!

ಬೆಂಗಳೂರಿನ ಹೊಸ ಕಾಫಿ ಅಂಗಡಿಗಳ ಬೋರ್ಡುಗಳನ್ನು ಒಮ್ಮೆ ಕಣ್ಣುಬಿಟ್ಟು ನೋಡಿ. ಇಂಗ್ಲಿಷ್ ಹೆಸರು ಎಷ್ಟೋ ಕಡೆ ದಪ್ಪಗೆ, ದುಂಡಗೆ, ಬಲಕ್ಕೆ ವಾಲಿಕೊಂಡು, ಅಂಚೆಲ್ಲ ಬೆಣ್ಣೆ ಕರಗಿದಂತೆ ಮೆತ್ತಗಿರುತ್ತದೆ. ಹಳೇ ಎಲ್‌ಪಿ ರೆಕಾರ್ಡಿನ ಹೊದಿಕೆ ನೆನಪಾಗುತ್ತದೆ. ಈ ಜಾತಿಯ ಅಕ್ಷರಗಳ ಹಿರಿಯಣ್ಣ ಕೂಪರ್ ಬ್ಲ್ಯಾಕ್.

ಅದನ್ನು ಬರೆದವನು ಶಿಕಾಗೋದ ಆಸ್ವಾಲ್ಡ್ ಕೂಪರ್. 1922ರಲ್ಲಿ ಅದೇ ಊರಿನ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಅಚ್ಚುಮೊಳೆ ಕಾರ್ಖಾನೆ ಹೊರತಂದಿತು. ಇದು ದೂರದೃಷ್ಟಿಯ ಮುದ್ರಕರಿಗೆ, ದೂರದ್ದು ಕಾಣದ ಗಿರಾಕಿಗಳಿಗೆ ಎಂದು ಕೂಪರನೇ ತಮಾಷೆ ಮಾಡಿದ್ದ. 1966ರಲ್ಲಿ ಬೀಚ್ ಬಾಯ್ಸ್ ತಂಡದ 'ಪೆಟ್ ಸೌಂಡ್ಸ್' ರೆಕಾರ್ಡಿನ ಹೊದಿಕೆಗೆ ಇದೇ ಅಕ್ಷರ. ಕೂಗುತ್ತದೆ, ಆದರೆ ಗದರುವುದಿಲ್ಲ. ಅದೇ ಅದರ ಗುಣ. ತಲೆಬರಹಕ್ಕೆ, ಬೋರ್ಡಿಗೆ ಹೇಳಿ ಮಾಡಿಸಿದ್ದು. ಪುಟಗಟ್ಟಲೆ ಓದಲು ಆಗದು. ಶ್ರದ್ಧಾಂಜಲಿ ಪೋಸ್ಟರಿಗೆ ಹಾಕಿದರಂತೂ ಸತ್ತವರೂ ನಕ್ಕಾರು!

ಆಮೇಲೆ ಅದರ ಓರೆ ರೂಪವೂ ಬಂತು. ಇಲ್ಲೇ ಇದೆ ಗುಟ್ಟು. ನೆಟ್ಟಗಿದ್ದುದನ್ನು ಹಿಡಿದು ವಾಲಿಸಿದ್ದಲ್ಲ ಅದು, ಮತ್ತೆ ಕೂತು ಬರೆದದ್ದು. ಓರೆ ಅಕ್ಷರ 1500ರ ಸುಮಾರಿಗೆ ವೆನಿಸ್ಸಿನಲ್ಲಿ ಅಚ್ಚಿಗೆ ಬಂದಾಗ ಅದಕ್ಕೆ ಮಾದರಿ ಕೈಬರಹ. ಹಾಗಾಗಿ ಗೀಟಿನ ತುದಿಯಲ್ಲಿರುವ ಪುಟ್ಟ ಪಾದಗಳು, ಅಂದರೆ ಸೆರಿಫ್, ಓರೆಯಲ್ಲಿ ಲೇಖನಿಯ ಕುಡಿಯಂತೆ ಹೊರಳುತ್ತವೆ.

ಇನ್ನು ನಮ್ಮ ಕನ್ನಡದ ಗತಿ? 2024ರ ತಿದ್ದುಪಡಿ ಕಾಯ್ದೆಯಂತೆ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು. ಸರಿ, ಜಾಗ ಸಿಕ್ಕಿತು. ಆ ಜಾಗಕ್ಕೆ ಏನು ಬಂತು? ಇಂಗ್ಲಿಷಿಗೆ ಸರಿಹೊಂದಲಿ ಅಂತ, ಪ್ರಿಂಟ್ ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಕೈಗೆ ಸಿಕ್ಕ ಕನ್ನಡ ಫಾಂಟನ್ನು ಎಳೆದು, ಊದಿಸಿ, ವಾಲಿಸುತ್ತಾನೆ. ಅಕ್ಷರ ಬಲಕ್ಕೆ ಬಾಗುತ್ತದೆ, ಕೆಳಗಿನ ಒತ್ತಕ್ಷರ ಎಡಕ್ಕೆ ಜಾರಿ ಪಕ್ಕದವನ ಕಾಲು ತುಳಿಯುತ್ತದೆ. ದುಂಡು ಹೊಟ್ಟೆಗಳು ಸೊಟ್ಟಗಾಗುತ್ತವೆ. ದಪ್ಪ ಮಾಡಿದಾಗ ಮಹಾಪ್ರಾಣದ ಸೀಳು ಮುಚ್ಚಿಹೋಗುತ್ತದೆ. ಧನ ಹೋಗಿ ದನ! ಲಕ್ಷ್ಮಿಯ ಹೆಸರಿಟ್ಟುಕೊಂಡ ಸಾಲದಂಗಡಿಯವನು ಕೊಟ್ಟಿಗೆಯ ಬೋರ್ಡು ಹಾಕಿಸಿಕೊಂಡು ಕೂತಿದ್ದಾನೆ.

ಅಂಗಡಿಯವನನ್ನು ಬೈದು ಫಲವಿಲ್ಲ. ರಾಜ್ಯೋತ್ಸವದ ನಮ್ಮದೇ ಬ್ಯಾನರುಗಳು ಇದಕ್ಕಿಂತ ಮೇಲೇನಲ್ಲ. ಇಂಗ್ಲಿಷ್ ವಾಲಿದೆ ಅಂತ ಕನ್ನಡವೂ ವಾಲಲೇಬೇಕೆ? ತಲೆಕಟ್ಟಿನಲ್ಲೇ ನಮಗೊಂದು ಬಳುಕಿದೆ. ದಪ್ಪನೆಯ ಕನ್ನಡ ಬೇಕಾದರೆ ಏಕ್ ಟೈಪ್‌ನವರ 'ಬಾಲೂ ತಮ್ಮ' ಪುಕ್ಕಟೆ ಸಿಗುತ್ತದೆ. ಕೂಪರಿನಷ್ಟೇ ದುಂಡಗೆ, ನೆಟ್ಟಗೆ ನಿಂತಿದೆ, ಒತ್ತಕ್ಷರಗಳನ್ನು ಲೆಕ್ಕ ಹಾಕಿ ಬರೆದಿದ್ದಾರೆ.

ಓರೆಯೇ ಬೇಕೆನ್ನುವವರು ಹಳೇ ಪೇಂಟರನ್ನು ಹುಡುಕಿ. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷು ಕೆಳಗಿಟ್ಟವರಲ್ಲಿ ಕೆಲವರ ಕೈ ಇನ್ನೂ ಓಡುತ್ತದೆ. ಹೆಸರನ್ನು ಕಾಗದದ ಮೇಲೆ ಬರೆಸಿ, ಕೇಳಿದಷ್ಟು ಕೂಲಿ ಕೊಟ್ಟು, ಸ್ಕ್ಯಾನ್ ಮಾಡಿಸಿ ಪ್ರಿಂಟ್ ಅಂಗಡಿಗೆ ಕೊಡಿ. ಎಳೆಯಬೇಡ, ವಾಲಿಸಬೇಡ ಅಂತ ಹುಡುಗನಿಗೆ ಹೇಳಿ, ಪ್ರಿಂಟ್ ಆಗುವವರೆಗೆ ಪಕ್ಕದಲ್ಲೇ ನಿಂತಿರಿ.