ಕಂಪ್ಯೂಟರ್ ಕೊಳ್ಳೋದು ಅಂದ್ರೆ ಮೊದಲು ಎಸ್‌ಎಂಪಿಎಸ್ ಕೊಳ್ಳೋದು

ಮೊನ್ನೆ ತಿರುವನಂತಪುರದಿಂದ ಕೊಚ್ಚಿಗೆ ಹೋಗಿದ್ದಾಗ ನಮ್ಮ ಕಡೆಯ ಸ್ನೇಹಿತರೊಬ್ಬರು ಹಿಡಿದುಕೊಂಡರು. ಮಗ ಬಿಕಾಂ ಸೇರಿದ್ದಾನೆ, ಸಿಎ ಮಾಡ್ತೀನಿ ಅಂತಾನೆ, ಐವತ್ತು ಸಾವಿರದೊಳಗೆ ಒಂದು ಡೆಸ್ಕ್‌ಟಾಪ್ ಜೋಡಿಸಿಕೊಡಿ, ಇನ್ನು ಹತ್ತು ವರ್ಷ ಆ ಖರ್ಚಿನ ಮಾತು ಬರಬಾರದು ಅಂತ. ನಾನು ಇಂಜಿನಿಯರ್ ಅಲ್ಲ ಮಾರಾಯ್ರೇ. ಬಿಕಾಂ ಮುಗಿಸಿ ಬ್ಯಾಂಕ್ ಸೇರಿದವನು. ಮೊದಲು ಕಂಡ ಕಂಪ್ಯೂಟರ್ ಬ್ರಾಂಚಿನ ಎ.ಎಲ್.ಪಿ.ಎಂ. ಅನ್ನೋ ಲೆಡ್ಜರ್ ಯಂತ್ರ. ಅದಕ್ಕೆ ಏಸಿ, ನಮಗೆ ಫ್ಯಾನು, ಒಳಗೆ ಹೋಗುವಾಗ ಚಪ್ಪಲಿ ಹೊರಗೆ. ಆದರೂ ಕೇರಳದ ಈ ಎರಡು ಊರುಗಳಲ್ಲಿ ಮೂರು ಕಂಪ್ಯೂಟರ್ ಸಾಕಿದ್ದೇನೆ, ಒಂದನ್ನು ಕಳಕೊಂಡಿದ್ದೇನೆ. ಅಷ್ಟೇ ನನ್ನ ಅರ್ಹತೆ.

ಶಣ್ಮುಖಂ ರಸ್ತೆಯ ಪೆಂಟಾ ಮೇನಕಕ್ಕೆ ಹೋದೆವು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ಇಲ್ಲಿಯವರಿಗೆ ಇದು ಹಾಗೆ. ಹುಡುಗ ಪಟ್ಟಿ ಬರೆದು ತಂದಿದ್ದ. ಮೇಲೆ ದುಬಾರಿ ಪ್ರೊಸೆಸರ್, ಆಮೇಲೆ ಗ್ರಾಫಿಕ್ಸ್ ಕಾರ್ಡ್, ಬಣ್ಣದ ದೀಪ ಮಿನುಗುವ ಗಾಜಿನ ಕ್ಯಾಬಿನೆಟ್... ಎಲ್ಲದರ ಕೆಳಗೆ ಸಣ್ಣಕ್ಷರದಲ್ಲಿ 'ಎಸ್‌ಎಂಪಿಎಸ್ – ಯಾವುದಾದರೂ'. ನಾನು ಹೇಳಿದ್ದು ಇಷ್ಟೇ: ಪಟ್ಟಿಯನ್ನು ಕೆಳಗಿಂದ ಮೇಲಕ್ಕೆ ಓದು.

ಯಾಕೆ ಅಂತ ಹೇಳ್ತೀನಿ. 2006ರಲ್ಲಿ ನಾವು ಎರ್ನಾಕುಳಂನಲ್ಲಿದ್ದಾಗ ಅಪ್ಪ ಪುತ್ತೂರಿನಿಂದ ಬಂದು ಒಂದು ತಿಂಗಳು ಇದ್ದರು. ರಾತ್ರಿ ಊಟ ಆದ ಮೇಲೆ ಅವರ ಎಳವೆಯ ಕತೆ, ಸೊಸೈಟಿಯಲ್ಲಿ ಗುಮಾಸ್ತಿಕೆ ಮಾಡಿದ್ದು, ಬಾವಿ ತೋಡಿಸಿದ್ದು, ಎಲ್ಲಾ ಮೈಕ್ ಮುಂದೆ ಹೇಳಿಸಿ ಕಂಪ್ಯೂಟರಿನಲ್ಲಿ ತುಂಬಿಟ್ಟಿದ್ದೆ. ಅದೇ ಅಕ್ಟೋಬರ್, ಇಲ್ಲಿಯವರು ತುಲಾವರ್ಷ ಅನ್ನೋ ಹಿಂಗಾರು. ಮಧ್ಯಾಹ್ನ ಮೂರೂವರೆಗೆ ಒಂದೇ ಒಂದು ಸಿಡಿಲು. ಸ್ವಿಚ್ ಆಫ್ ಮಾಡಿದ್ದೆ, ಆದರೆ ಟೆಲಿಫೋನ್ ತಂತಿ ಮೋಡೆಮ್ಮಿಗೆ ಸಿಕ್ಕಿಸಿಯೇ ಇತ್ತು. ತಾಮ್ರದ ತಂತಿಗೆ ಮಿಂಚನ್ನು ಒಳಗೆ ಕರೆತರೋಕೆ ಇನ್ನೇನು ಬೇಕು. ಮೋಡೆಮ್, ಮದರ್‌ಬೋರ್ಡ್, ಹಾರ್ಡ್‌ಡಿಸ್ಕಿನ ಸರ್ಕ್ಯೂಟ್ ಮೂರೂ ಹೋದವು. ಬೆಂಗಳೂರಿನ ಒಂದು ಅಂಗಡಿಯವರು ಡೇಟಾ ತೆಗೆದುಕೊಡೋಕೆ ಇಪ್ಪತ್ತು ಸಾವಿರದ ಮೇಲೆ ಹೇಳಿದರು. ಬೋನಸ್ ಬರಲಿ ಅಂದುಕೊಂಡೆ. ಮರುವರ್ಷ ಅಪ್ಪ ಹೋದರು. ಆಮೇಲೆ ಡಿಸ್ಕ್ ಹಿಡಕೊಂಡು ಓಡಿದರೆ, ಇನ್ನು ಆಗಲ್ಲ ಸಾರ್ ಅಂದರು.

ಇರಲಿ.

ನಮ್ಮ ಈ ಕರಾವಳಿಯಲ್ಲಿ ಪ್ರೊಸೆಸರ್ ಮುದಿಯಾಗಿ ಸತ್ತದ್ದನ್ನು ನಾನು ಕಂಡಿಲ್ಲ. ಸಾಯಿಸೋದು ಮಿಂಚು, ಕರೆಂಟು, ಉಪ್ಪುಗಾಳಿ. ಸಿಡಿಲಿನ ದಿನಗಳಲ್ಲಿ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಜಾಗ್ರತೆ ಅಂತ ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರವೇ ಹೇಳುತ್ತೆ. ವಿದ್ಯುತ್ ಉಪಕರಣಗಳ ಸಂಪರ್ಕ ತಪ್ಪಿಸಿ ಅಂತಲೂ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಈಗ ಮನೆಗೆ ಫೈಬರ್ ಬಂದರೆ ಒಂದು ಸಮಾಧಾನ, ಗಾಜಿನ ಎಳೆಯಲ್ಲಿ ಕರೆಂಟು ಹರಿಯಲ್ಲ. ಆದರೆ ಕಂಬದಿಂದ ಮನೆಗೆ ತಾಮ್ರದ ಲ್ಯಾನ್ ತಂತಿ ಎಳೆದಿದ್ದರೆ ಹಳೇ ಕತೆಯೇ. ಸರ್ಜ್ ಪ್ರೊಟೆಕ್ಟರ್ ತರೋ ಮೊದಲು ಮನೆಯ ಅರ್ತಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಅರ್ತಿಂಗ್ ಇಲ್ಲದಿದ್ದರೆ ಅದು ಹೆಚ್ಚುಕಮ್ಮಿ ಬರೀ ಎಕ್ಸ್‌ಟೆನ್ಷನ್ ಬಾಕ್ಸು.

ಇನ್ನು ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರೋದು ಬೇಡವೇ ಬೇಡ. ಒಳಗಿನ ಕೆಪಾಸಿಟರ್‌ಗಳು ಶಾಖಕ್ಕೆ ಸೊರಗುತ್ತವೆ. ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಆಯುಷ್ಯ ಅರ್ಧ ಅನ್ನೋದು ಆ ವಿದ್ಯೆಯವರ ಸ್ಥೂಲ ಲೆಕ್ಕ. ಐದು ವರ್ಷದ ವಾರಂಟಿ ಇರೋ, 80 ಪ್ಲಸ್ ಗುರುತಿನ, 450 ವ್ಯಾಟಿನ ಒಂದು ತಗೊಂಡರೆ ಈ ಹುಡುಗನಿಗೆ ಧಾರಾಳ. ಜೊತೆಗೊಂದು ಯುಪಿಎಸ್. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸೋ ಖರ್ಚನ್ನು ಈಗಲೇ ಬರೆದಿಟ್ಟುಕೊಳ್ಳಿ.

ಮದರ್‌ಬೋರ್ಡಿನಲ್ಲಿ ನಾನು ನೋಡೋದು ಮುಂದೆ ಎಷ್ಟು ಬೆಳೆಯುತ್ತೆ ಅಂತ. ಎಎಂಡಿಯ ಎಎಂ4 ಸಾಕೆಟ್ 2016ರಲ್ಲಿ ಬಂತು. ಆರಂಭದ ಎಷ್ಟೋ ಬೋರ್ಡುಗಳಿಗೆ 2020ರ ನಂತರದ ಪ್ರೊಸೆಸರ್ ಕೂಡ ಕೂತವು. 2022ರ ಎಎಂ5ಕ್ಕೂ ಕನಿಷ್ಠ 2027ರವರೆಗೆ ಆಸರೆ ಅಂತ ಕಂಪನಿ ಮಾತು ಕೊಟ್ಟಿದೆ. ಪ್ರೊಸೆಸರ್ ಮಧ್ಯಮದ್ದು ಸಾಕು, ಗ್ರಾಫಿಕ್ಸ್ ಅದರಲ್ಲೇ ಅಡಕವಾಗಿರಲಿ. ಟ್ಯಾಲಿಗೂ ಎಕ್ಸೆಲ್ಲಿಗೂ ಬೇರೆ ಕಾರ್ಡ್ ಯಾತಕ್ಕೆ ಸ್ವಾಮಿ? ರ‍್ಯಾಮ್ ಒಂದೇ ಹದಿನಾರು ಜಿಬಿ ಪಟ್ಟಿ, ಪಕ್ಕದ ಸ್ಲಾಟ್ ಖಾಲಿ. ಎರಡು ಪಟ್ಟಿ ಹಾಕಿದರೆ ಗ್ರಾಫಿಕ್ಸ್ ಚುರುಕಾಗುತ್ತೆ, ನಿಜ. ಆದರೆ ಎಐ ಸರ್ವರ್‌ಗಳ ಹಸಿವಿನಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ದುಪ್ಪಟ್ಟಿಗೂ ಮೀರಿ ಏರಿತಲ್ಲ, ಎರಡನೆಯದು ಬೆಲೆ ಇಳಿದ ದಿನ ಬರಲಿ.

ಅಂದ ಹಾಗೆ, ಕ್ಯಾಬಿನೆಟ್ಟಿನ ಹಿಂದೆ ಖಾಲಿ ಕಿಂಡಿಗಳಿಗೆ ತಗಡು ಮುಚ್ಚಿಸಿ. ನಮ್ಮನೇಲಿ ಒಂದು ಹಲ್ಲಿ ಅಲ್ಲಿಂದ ನುಗ್ಗಿ ಫ್ಯಾನಿಗೆ ಸಿಕ್ಕಿ... ಬೇಡ ಬಿಡಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಆಫ್ ಮಾಡಿಡಲೂಬೇಡಿ. ಬೆಳಿಗ್ಗೆ ಅರ್ಧ ಗಂಟೆ ಓಡಿದರೆ ಒಳಗಿನ ತೇವ ಆರುತ್ತೆ.

ನನ್ನ ಈಗಿನ ಯಂತ್ರ 2014ರದ್ದು, 31,000 ರೂಪಾಯಿ. ಆದಾಯ ತೆರಿಗೆಯವರ ಶೇ. 40ರ ಸವಕಳಿ ಲೆಕ್ಕ ಹಾಕಿದರೆ ಹನ್ನೊಂದು ವರ್ಷಕ್ಕೆ ಅದರ ಬೆಲೆ 112 ರೂಪಾಯಿ! 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಸರೆ ನಿಂತಿತು, ವಿಂಡೋಸ್ 11 ಇದನ್ನು ಒಳಗೆ ಬಿಟ್ಟುಕೊಳ್ಳಲ್ಲ. ಹೊಸದು ತಗೊಳ್ಳಿ ಅಂತ ಎಲ್ಲರೂ ಅಂದರು. ನಾನು ಉಬುಂಟು ಹಾಕಿಸಿಕೊಂಡೆ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯೋದೇ 'ಕೈಟ್' ಸಂಸ್ಥೆಯ ಉಬುಂಟು ಆಧಾರಿತ ಲಿನಕ್ಸಿನಲ್ಲಿ. ಮಕ್ಕಳಿಗೆ ಬರುತ್ತೆ ಅಂದ್ರೆ ನನಗೆ ಬರಬಾರದೇ? ಬ್ಯಾಟರಿ ನಾಲ್ಕು ಸಲ, ಹಾರ್ಡ್‌ಡಿಸ್ಕ್ ಬದಲಿಗೆ 2019ರಲ್ಲಿ ಒಂದು ಎಸ್‌ಎಸ್‌ಡಿ. ಎಸ್‌ಎಂಪಿಎಸ್ ಇನ್ನೂ ಅದೇ.

ಪೆಂಟಾ ಮೇನಕದಲ್ಲಿ ಹುಡುಗ ಗ್ರಾಫಿಕ್ಸ್ ಕಾರ್ಡ್ ಬಿಟ್ಟುಕೊಟ್ಟ, ಗಾಜಿನ ಕ್ಯಾಬಿನೆಟ್ ಮಾತ್ರ ಬಿಡಲಿಲ್ಲ. ಹತ್ತೊಂಬತ್ತು ವಯಸ್ಸು. ಕೊನೆಗೆ ಒಪ್ಪಿದೆ, ಬ್ಯಾಕಪ್ಪಿಗೆ ಬೇರೆಯೇ ಒಂದು ಡಿಸ್ಕ್ ತಗೊಂಡು ಅದನ್ನು ಅಲ್ಮೇರಾದಲ್ಲಿ ಇಡಬೇಕು ಅನ್ನೋ ಷರತ್ತಿನ ಮೇಲೆ. ಬಿಲ್ಲು ಐವತ್ತು ದಾಟಿತು. ಸ್ನೇಹಿತರು ನನ್ನ ಮುಖ ನೋಡಿದರು, ನಾನು ರಸ್ತೆ ನೋಡಿದೆ.