ಹಳತೆಂಬ ಕಾರಣಕ್ಕೆ ಉಳಿದದ್ದಲ್ಲ

ಇಂಗ್ಲೆಂಡಿನ ಪುರಾತನ ಚರ್ಚುಗಳ ಸಂಗೀತದ ಮಾತು ಬಂದಾಗಲೆಲ್ಲ ‘ಸಾವಿರ ವರ್ಷಗಳ ಅಖಂಡ ಪರಂಪರೆ’ ಎಂಬ ವರ್ಣನೆ ಬೆನ್ನಿಗೇ ಬರುತ್ತದೆ. ಕಲ್ಲಿನ ಕಂಬಗಳ ನಡುವೆ ಹುಡುಗರ ದನಿ ಏರುವುದನ್ನು ಒಮ್ಮೆ ಕೇಳಿದವರಿಗೆ ಅದು ನಿಜವೆಂದೇ ತೋರುತ್ತದೆ. ಆದರೆ ಒಂದು ಚರ್ಚನ್ನು ಆರಿಸಿಕೊಂಡು ಅದರ ಚರಿತ್ರೆಯನ್ನು ನಿಧಾನವಾಗಿ ನೋಡುತ್ತ ಹೋದರೆ ‘ಅಖಂಡ’ ಎಂಬ ವಿಶೇಷಣ ನಿಲ್ಲುವುದಿಲ್ಲ. ಹಾಗೆ ನಿಲ್ಲದಿರುವುದರಿಂದ ಆ ಸಂಗೀತದ ಘನತೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ ಎಂಬುದು ನನ್ನ ಎಣಿಕೆ.

ಗ್ಲಾಸ್ಟರ್‌ಶೈರಿನ ಟ್ಯೂಕ್ಸ್‌ಬರಿ ಅಬ್ಬೆಯನ್ನು, ಎಂದರೆ ಅಲ್ಲಿನ ಮಠದ ಚರ್ಚನ್ನು, ನೋಡೋಣ. ಸೆವರ್ನ್ ಮತ್ತು ಏವನ್ ನದಿಗಳು ಕೂಡುವ ಊರಿನಲ್ಲಿ ನಾರ್ಮನ್ನರು ಕಟ್ಟಿಸಿದ ಈ ಚರ್ಚು 1121ರಲ್ಲಿ ಪ್ರತಿಷ್ಠೆಗೊಂಡಿತು. ಬೆನೆಡಿಕ್ಟ್ ಪಂಥದ ಸನ್ಯಾಸಿಗಳು ಹೊತ್ತುಹೊತ್ತಿಗೆ ಅಲ್ಲಿ ಲ್ಯಾಟಿನ್ ಕೀರ್ತನೆಗಳನ್ನು ಹಾಡುತ್ತಿದ್ದರು. ದೊರೆ ಎಂಟನೆಯ ಹೆನ್ರಿ 1540ರಲ್ಲಿ ಮಠವನ್ನು ಮುಚ್ಚಿಸಿದ. ಅದರೊಂದಿಗೆ ಆ ನಿತ್ಯಗಾಯನವೂ ಮುಗಿಯಿತು. ಕಟ್ಟಡ ಉಳಿದದ್ದು ಊರಿನವರು 453 ಪೌಂಡು ತೆತ್ತು ಅದನ್ನು ತಮ್ಮ ಪ್ಯಾರಿಷ್ ಚರ್ಚಾಗಿ ಉಳಿಸಿಕೊಂಡದ್ದರಿಂದ. ಬೆಲೆ ಕಟ್ಟಿದ್ದಾದರೂ ಯಾವುದಕ್ಕೆ? ಗಂಟೆಗಳ ಲೋಹಕ್ಕೆ, ಮಾಡಿನ ಸೀಸಕ್ಕೆ. ಸಂಗೀತ ಆ ಲೆಕ್ಕದೊಳಗೆ ಇರಲೇ ಇಲ್ಲ.

ಇನ್ನು ವಾರದ ದಿನಗಳಲ್ಲಿ ಸಂಜೆಯ ಆರಾಧನೆಯಾದ ಈವನ್‌ಸಾಂಗನ್ನು ಹಾಡಿದ ಹುಡುಗರ ವೃಂದ ಎಂದಿನದು? ಮಠದ ಕಾಲದ್ದಲ್ಲ, ವಿಕ್ಟೋರಿಯಾ ರಾಣಿಯ ಕಾಲದ್ದೂ ಅಲ್ಲ. 1973ರಲ್ಲಿ ಮೈಲ್ಸ್ ಆಮ್ಹರ್ಸ್ಟ್ ಎಂಬವರು ಇದಕ್ಕೆಂದೇ ಒಂದು ಶಾಲೆ ತೆರೆದಾಗ ಹುಟ್ಟಿದ್ದು ಅದು. ನಡುವಿನ ನಾಲ್ಕು ಶತಮಾನ ಅಲ್ಲಿ ಹಾಡೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಪದಗಳ ಮಟ್ಟದಲ್ಲಿ ಒಂದು ನಂಟು ಉಳಿದಿತ್ತೆಂಬುದನ್ನೂ ಒಪ್ಪಬೇಕು: 1549ರ ಪ್ರಾರ್ಥನಾ ಪುಸ್ತಕದಲ್ಲಿ ಆರ್ಚ್‌ಬಿಷಪ್ ಕ್ರಾನ್ಮರ್ ಸನ್ಯಾಸಿಗಳ ಸಂಜೆಯ ಮತ್ತು ರಾತ್ರಿಯ ಪ್ರಾರ್ಥನೆಗಳನ್ನು ಕೂಡಿಸಿ ಇಂಗ್ಲಿಷಿನಲ್ಲಿ ಹೊಂದಿಸಿದ್ದೇ ಈ ಆರಾಧನೆಯ ಮೂಲ. ಆದರೂ ಪುಸ್ತಕದಲ್ಲಿ ಪದ ಉಳಿಯುವುದು ಬೇರೆ, ದಿನವೂ ಯಾರಾದರೂ ಬಂದು ಹಾಡುವುದು ಬೇರೆ. ಎರಡನೆಯದನ್ನು ಒಬ್ಬರು ಮನಸ್ಸು ಮಾಡಿ ಹೊಸದಾಗಿ ಶುರುಮಾಡಬೇಕಾಯಿತು.

ವಾದ್ಯವಾದರೂ ಪ್ರಾಚೀನವಲ್ಲವೇ ಎಂದು ಕೇಳಬಹುದು. ಅಬ್ಬೆಯ ‘ಮಿಲ್ಟನ್ ಆರ್ಗನ್’ ಹೆಸರಾದದ್ದು. ರಾಬರ್ಟ್ ಡಾಲಮ್ ಅದನ್ನು 1631ರಲ್ಲಿ ತಯಾರಿಸಿದ್ದು ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿಗೆ. ಟ್ಯೂಕ್ಸ್‌ಬರಿಗೆ ಅದು ಬಂದದ್ದು 1737ರಲ್ಲಿ. ನಡುವೆ, ಪ್ಯೂರಿಟನ್ನರ ನಾಯಕನಾಗಿ ದೇಶವನ್ನಾಳಿದ ಕ್ರಾಮ್‌ವೆಲ್ ಅದನ್ನು ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ತರಿಸಿಕೊಂಡಿದ್ದ. ಕವಿ ಮಿಲ್ಟನ್ ಅವನ ಸರ್ಕಾರದ ಕಾರ್ಯದರ್ಶಿಯಾಗಿದ್ದರಿಂದ ಅಲ್ಲಿ ಅದನ್ನು ನುಡಿಸಿರಬೇಕೆಂಬುದು ಪ್ರತೀತಿ. ಪ್ರತೀತಿಯನ್ನು ಪ್ರತೀತಿಯಾಗಿಯೇ ಇಟ್ಟುಕೊಳ್ಳೋಣ. ಆ ವಾದ್ಯವನ್ನು ತಲೆಮಾರುಗಳುದ್ದಕ್ಕೂ ಬಿಚ್ಚಿ, ಹಿಗ್ಗಿಸಿ, ಮತ್ತೆ ಕಟ್ಟಿದ್ದಾರೆ. 1997ರಲ್ಲೂ ಒಮ್ಮೆ ಕಟ್ಟಿದರು. ಹಳೆಯ ಕೊಳವೆಗಳು ಇಂದಿಗೂ ಉಲಿಯುತ್ತವೆಂದರೆ ಅದಕ್ಕೆ ಕಾರಣ ಅದನ್ನು ಮುಟ್ಟದೆ ಕಾಪಾಡಿದ್ದಲ್ಲ, ಮತ್ತೆ ಮತ್ತೆ ಧೈರ್ಯವಾಗಿ ಮುಟ್ಟಿದ್ದು. ಅದೇ ಚರ್ಚಿನ ಇನ್ನೊಂದು ಆರ್ಗನ್, ‘ಗ್ರೋವ್’, 1885ರಲ್ಲಿ ಲಂಡನ್ನಿನ ಆವಿಷ್ಕಾರಗಳ ಪ್ರದರ್ಶನಕ್ಕಾಗಿ ತಯಾರಾದದ್ದು. ಕೈಗಾರಿಕಾ ಯುಗದ ಹೊಸತನದ ಮಾದರಿಯೊಂದು ಎರಡೇ ವರ್ಷದಲ್ಲಿ ನಾರ್ಮನ್ ಗೋಡೆಗಳ ನಡುವೆ ನೆಲೆಯಾಯಿತು.

ಇಲ್ಲೇ ಇನ್ನೊಂದು ರೂಢಿಯ ನಂಬಿಕೆಯನ್ನೂ ಪ್ರಶ್ನಿಸಬಹುದು: ಆರಾಧನೆಯಲ್ಲಿ ಆಡಂಬರವನ್ನು ವಿರೋಧಿಸಿದ ಪ್ಯೂರಿಟನ್ನರು ಸಂಗೀತದ ವೈರಿಗಳಾಗಿದ್ದರೆಂಬುದು. 1644ರಲ್ಲಿ ಅವರ ಪಾರ್ಲಿಮೆಂಟು ಚರ್ಚುಗಳಿಂದ ಆರ್ಗನ್‌ಗಳನ್ನು ತೆಗೆಸಲು ಆಜ್ಞೆ ಮಾಡಿದ್ದು ನಿಜ. ಆದರೆ ಅದೇ ಪಕ್ಷದ ನಾಯಕ ಕ್ರಾಮ್‌ವೆಲ್ ಒಂದು ಆರ್ಗನ್ನನ್ನು ತನ್ನ ನಿವಾಸಕ್ಕೆ ತರಿಸಿ ಇಟ್ಟುಕೊಂಡ, ಸಂಗೀತಗಾರರನ್ನೂ ನೇಮಿಸಿಕೊಂಡ. ಅವರ ತಕರಾರು ಆರಾಧನೆಯಲ್ಲಿ ವಾದ್ಯ ಬೇಕೇ ಎಂಬುದರ ಬಗ್ಗೆ ಇತ್ತು. ಆ ತಕರಾರನ್ನು ನಾನು ಒಪ್ಪುವುದಿಲ್ಲ. ಆದರೆ ಸಂಗೀತದ್ವೇಷವೆಂದು ಅದನ್ನು ತಳ್ಳಿಹಾಕುವುದೂ ಸರಿಯಲ್ಲ.

ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಬರುವ ಆಕ್ಷೇಪ ಬೇರೆ. ಇಂಥ ಚರ್ಚುಗಳಲ್ಲಿ ವಾರದ ದಿನ ಹಾಡುವವರೇ ಕೇಳುವವರಿಗಿಂತ ಹೆಚ್ಚಿರುವುದುಂಟು. ಇಷ್ಟು ಶ್ರಮ, ಇಷ್ಟು ಖರ್ಚು ಯಾರಿಗಾಗಿ? ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದು ಗಾಯನವೆಂದರೆ ಕಚೇರಿ ಎಂದು ಮೊದಲೇ ಊಹಿಸಿಕೊಂಡಿದೆ. ಹಾಡುವವರು ನಿಲ್ಲುವ ರೀತಿಯನ್ನು ನೋಡಿ. ವೃಂದ ಎರಡು ಪಾಲಾಗಿ, ಸಭೆಗೆ ಮುಖ ಮಾಡದೆ, ಒಬ್ಬರಿಗೊಬ್ಬರು ಎದುರುಬದುರು ನಿಲ್ಲುತ್ತದೆ. ಕೀರ್ತನೆಯ ಒಂದು ಚರಣ ಈ ಕಡೆಯಿಂದ, ಮುಂದಿನದು ಆ ಕಡೆಯಿಂದ. ಪ್ರಾರ್ಥನಾ ಪುಸ್ತಕ ಬೈಬಲಿನ 150 ಕೀರ್ತನೆಗಳನ್ನು ತಿಂಗಳಿಗೆ ಹಂಚಿದೆ. ಆ ಕ್ರಮದಲ್ಲಿ 15ನೆಯ ಸಂಜೆ 78ನೆಯ ಕೀರ್ತನೆ ಬರುತ್ತದೆ, ಅದಕ್ಕೆ 73 ಚರಣ. ಶ್ರೋತೃಗಳನ್ನು ಹಿಡಿದಿಡಲು ಹೊರಟವರು ಯಾರೂ ಇಂಥ ಕಾರ್ಯಕ್ರಮ ರೂಪಿಸಲಾರರು. 1969ರಿಂದ ಅಬ್ಬೆಯಲ್ಲಿ ನಡೆದುಬಂದಿರುವ ‘ಮ್ಯೂಸಿಕಾ ಡೇಯೋ ಸಾಕ್ರಾ’ ಉತ್ಸವವೂ ಇದೇ ನಿಲುವಿನದು. ಅಲ್ಲಿ ದೊಡ್ಡ ದೊಡ್ಡ ಕೃತಿಗಳನ್ನೂ ಪೂಜೆಯ ಅಂಗವಾಗಿಯೇ ಹಾಡುತ್ತಾರೆ.

ಕೇಳುಗರಿಗಾಗಿ ಅಲ್ಲವೆಂದಾದರೆ ಈ ವೃಂದಗಳಿಗೆ ಶ್ರುತಿಯ ಬಗ್ಗೆ ಅಷ್ಟು ನಿಷ್ಠುರತೆ ಏಕೆ, ದೇವರು ಅಪಸ್ವರವನ್ನು ಕ್ಷಮಿಸನೇ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಕೀರ್ತನೆ ಹಾಡುವ ಕ್ರಮದಲ್ಲೇ ಸಿಗುತ್ತದೆಂದು ನನಗನ್ನಿಸುತ್ತದೆ. ಮಟ್ಟು ಹತ್ತೋ ಇಪ್ಪತ್ತೋ ಸ್ವರಗಳದ್ದು, ಆದರೆ ಚರಣಗಳು ಒಂದೇ ಅಳತೆಯವಲ್ಲ. ಮೊದಲ ಸ್ವರವನ್ನು ಹಿಡಿದು ಬೇಕಾದಷ್ಟು ಮಾತುಗಳನ್ನು ಆಡುನುಡಿಯ ಲಯದಲ್ಲಿ ಹೇಳಬೇಕು. ಎಲ್ಲಿ ಸ್ವರ ಬದಲಿಸಬೇಕೆಂದು ಪುಸ್ತಕದಲ್ಲಿ ಸಣ್ಣ ಗೆರೆಗಳ ಗುರುತು ಇರುತ್ತದೆ. ಎಲ್ಲಿ ಉಸಿರು ತೆಗೆಯಬೇಕು, ಯಾವ ಪದದ ಮೇಲೆ ತುಸು ನಿಲ್ಲಬೇಕು ಎಂಬುದೆಲ್ಲವನ್ನೂ ಗುರುತುಗಳು ಹೇಳಲಾರವು. ಎಂಟು ವರ್ಷದ ಹುಡುಗ ಅದನ್ನು ಹನ್ನೆರಡರ ಹುಡುಗನ ಪಕ್ಕದಲ್ಲಿ ನಿಂತು, ಅವನ ಉಸಿರನ್ನು ಗಮನಿಸಿಯೇ ಕಲಿಯಬೇಕು. ಇಲ್ಲಿ ನಿಷ್ಠುರತೆಯೆಂದರೆ ಪಕ್ಕದವನನ್ನು ಕೇಳಿಸಿಕೊಳ್ಳುವುದು. ಹದಿಮೂರರ ಆಸುಪಾಸಿನಲ್ಲಿ ಕಂಠ ಒಡೆದ ಮೇಲೆ ಆ ಹಿರಿಯನೂ ಹೊರಡುತ್ತಾನೆ. ನಾಲ್ಕೈದು ವರ್ಷಕ್ಕೊಮ್ಮೆ ಪೂರ್ತಿ ಬದಲಾಗುವ ಗುಂಪು ಇದು. ಅದನ್ನು ಪರಂಪರೆಯೆಂದು ಕರೆಯುವುದಾದರೆ ಪಕ್ಕದವನಿಂದ ಪಕ್ಕದವನಿಗೆ ದಾಟುವ ಈ ಕಲಿಕೆಯ ಕಾರಣಕ್ಕೇ ಕರೆಯಬೇಕು.

ಆಮ್ಹರ್ಸ್ಟ್ ತೆರೆದಿದ್ದ ಆ ಶಾಲೆ 2006ರಲ್ಲಿ ಮುಚ್ಚಿತು. ಆದರೆ ಚೆಲ್ಟನ್‌ಹ್ಯಾಮಿನ ಡೀನ್ ಕ್ಲೋಸ್ ಶಾಲೆ ಗಾಯಕರಿಗೆ ಜಾಗ ಕೊಟ್ಟಿತು. ವೃಂದ ‘ಸ್ಕೋಲಾ ಕ್ಯಾಂಟೋರಮ್’ ಎಂಬ ಹೊಸ ಹೆಸರಿನಲ್ಲಿ ಅಬ್ಬೆಗೆ ಬಂದು ಹಾಡಿತು. ಇದನ್ನು ಸಂಭ್ರಮದಿಂದ ಹೇಳುವವರು ಒಂದು ಸಂಗತಿಯನ್ನು ಮರೆಯಬಾರದು: ಅದು ಶುಲ್ಕ ತೆರುವವರ ಶಾಲೆ. ಈ ಸಂಗೀತ ಸ್ಥಿತಿವಂತರ ಮಕ್ಕಳಿಗೆ ಮಾತ್ರ ದಕ್ಕುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ವಿದ್ಯಾರ್ಥಿವೇತನಗಳಿಂದ ಅದು ಸ್ವಲ್ಪ ತಗ್ಗಬಹುದು, ಪೂರ್ತಿ ಹೋಗದು. ಆದರೆ ಅದರಿಂದ ‘ಹಾಗಾದರೆ ನಿಲ್ಲಿಸಿ’ ಎಂಬ ತೀರ್ಮಾನಕ್ಕೆ ಹಾರುವುದು ನನಗೆ ಒಪ್ಪಿಗೆಯಿಲ್ಲ. ಮಾಡಿನ ರಿಪೇರಿಗೆ, ಕಲ್ಲಿನ ದುರಸ್ತಿಗೆ ಕೈಬಿಚ್ಚಿ ಕೊಡುವ ದಾನಿಗಳು ಊರಿನ ಸಾಧಾರಣ ಶಾಲೆಯೊಂದಕ್ಕೆ ಹಾಡು ಕಲಿಸುವ ಮೇಷ್ಟರೊಬ್ಬರ ಸಂಬಳಕ್ಕೂ ಕೊಡಲಿ. ಗೋಡೆ ಇನ್ನೂ ಕೆಲವು ವರ್ಷ ಕಾಯಬಲ್ಲದು. ಎಂಟು ವರ್ಷದ ಮಗುವಿಗೆ ಹಾಡು ಕಲಿಯಲು ಇರುವುದು ನಾಲ್ಕೈದೇ ವರ್ಷ.