ಎಣಿಸದವರು ಇಲ್ಲದವರಲ್ಲ!

ಮಲ್ಟಿಪಲ್ ಸ್ಕ್ಲೆರೋಸಿಸ್. ಇದು ಚಳಿದೇಶದ ಬಿಳಿಯರ ರೋಗ, ಭಾರತದಲ್ಲಿ ಲಕ್ಷಕ್ಕೊಬ್ಬರಿಗೆ ಬಂದರೆ ಹೆಚ್ಚು ಎಂದು ಬಹುಕಾಲ ನಂಬಿದ್ದರು. ಆ ಲೆಕ್ಕ ಹುಟ್ಟಿದ್ದು ದೊಡ್ಡ ಊರುಗಳ ಆಸ್ಪತ್ರೆ ಕಡತಗಳಲ್ಲಿ. ಅಲ್ಲಿಗೆ ಮುಟ್ಟಲಾಗದವರು ಲೆಕ್ಕಕ್ಕೇ ಇಲ್ಲ!

ಮಂಗಳೂರಿನ ವೈದ್ಯರು ತಮ್ಮ ನಗರದಲ್ಲೇ ಎಣಿಸಿ, 2014ರಲ್ಲಿ ಪ್ರಕಟಿಸಿದರು. ಲಕ್ಷಕ್ಕೆ ಸುಮಾರು 8! ಎಂಆರ್‌ಐ ಇತ್ತು, ನರತಜ್ಞರಿದ್ದರು, ಹುಡುಕಿದರು, ಸಿಕ್ಕರು.

ಈಗ ಯಾದಗಿರಿಗೆ ಬನ್ನಿ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ. ಮಂಗಳೂರಿನ ಪ್ರಮಾಣವೇ ಇಲ್ಲೂ ಇದ್ದರೆ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ನೂರರ ಹತ್ತಿರ ರೋಗಿಗಳಿರಬೇಕು. ಇದು ಊಹೆಯ ಲೆಕ್ಕ, ನಿಜ. ಊಹೆ ತಪ್ಪೆಂದರೆ ಎಣಿಸಿ ತೋರಿಸಲಿ!

ಈ ರೋಗದಲ್ಲಿ ದೇಹದ ರಕ್ಷಣಾ ಪಡೆಯೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೊರೆಯುತ್ತದೆ. ಹೆಚ್ಚಾಗಿ ಹಿಡಿಯುವುದು 20ರಿಂದ 40ರ ಪ್ರಾಯದವರನ್ನು, ಗಂಡಸರಿಗಿಂತ ಹೆಂಗಸರನ್ನು. ಒಂದು ದಿನ ಕಣ್ಣು ಮಂಜು, ಮತ್ತೊಮ್ಮೆ ಕಾಲು ಜೋಮು. ಕೆಲವು ವಾರಕ್ಕೆ ತಾನೇ ಇಳಿಯುತ್ತದೆ, ತಿಂಗಳುಗಳ ನಂತರ ಮರಳುತ್ತದೆ. ಮೈ ಕಾದರೆ ತ್ರಾಸು ಹೆಚ್ಚು. ಯಾದಗಿರಿಯ ಬಿಸಿಲಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳು ತತ್ತರಿಸಿದರೆ "ಬಿಸಿಲು ಹತ್ತೇದ" ಎಂದು ಮನೆಯವರೇ ಸುಮ್ಮನಾಗುತ್ತಾರೆ.

ರಕ್ತದ ಒಂದೇ ಪರೀಕ್ಷೆಯಿಂದ ಈ ರೋಗ ಗೊತ್ತಾಗದು. ಯಾವಾಗ ಬಂತು, ಎಷ್ಟು ದಿನ ಇತ್ತು, ಮತ್ತೆ ಯಾವಾಗ ಎಂಬ ರೋಗಿಯ ಕಥೆಯಿಂದಲೇ ಪತ್ತೆ ಶುರು. "ಕಾಲು ಜೋಮು ಹಿಡದಾವ್ರೀ, ಕಣ್ಣು ಮಂಜಾಗ್ಯಾವ್ರೀ" ಎಂದದ್ದು ಹೈದರಾಬಾದು, ಸೊಲ್ಲಾಪುರಗಳ ವೈದ್ಯರ ಕಿವಿಗೆ ಬಿದ್ದೀತು, ತಲೆಗೆ ಹತ್ತೀತೇ? ನಮ್ಮದೇ ರಾಜಧಾನಿಯಲ್ಲಿ ಕನ್ನಡ ಬಾರದ ವೈದ್ಯರೆದುರು ಹತ್ತೀತೇ? ಇಲ್ಲಿ ಭಾಷೆ ಅಭಿಮಾನದ ಮಾತಲ್ಲ, ಕಣ್ಣು ಕಾಲು ಉಳಿಸಿಕೊಳ್ಳುವ ಮಾತು. ಬೇಗ ಪತ್ತೆಯಾದರೆ ಮರುಕಳಿಸುವುದನ್ನು ತಗ್ಗಿಸುವ ಔಷಧಿಗಳಿವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ರೋಗವನ್ನು ಹೆಸರಿಸಿಯೇ ಪಟ್ಟಿಗೆ ಸೇರಿಸಿದೆ. ಆದರೆ ರೋಗದ ಹೆಸರೇ ಗೊತ್ತಿಲ್ಲದವಳು ಯಾವ ಪ್ರಮಾಣಪತ್ರ ಕೇಳಿಯಾಳು?

ಬೇಡಿಕೆ ಮೂರೇ. ಜಿಲ್ಲೆಯಲ್ಲಿ ನರರೋಗಗಳ ಗಣತಿ ಆಗಲಿ. ರೋಗಲಕ್ಷಣ ಕೇಳುವ ನಮೂನೆ ಕಲಬುರಗಿ ಸೀಮೆಯ ಕನ್ನಡದಲ್ಲಿ ಬರಲಿ. ಆಸ್ಪತ್ರೆಯಿಂದ ಬಿಡುವಾಗ ಕೊಡುವ ಚೀಟಿ ಕನ್ನಡದಲ್ಲಿರಲಿ.

ಬೆಂಗಳೂರಿನ ಕನ್ನಡದ ಹುಡುಗರೇ, ಹುಡುಗಿಯರೇ, ನಾಮಫಲಕದ ಹೋರಾಟ ನಡೆಯಲಿ. ಜೊತೆಗೆ ಆಸ್ಪತ್ರೆಯ ಬಾಗಿಲನ್ನೂ ತಟ್ಟಿ. ಅಂಗಡಿಯ ಬೋರ್ಡು ಕನ್ನಡದಲ್ಲಿದ್ದು, ಒಳಗಿನ ನೋವಿಗೆ ಕನ್ನಡವಿಲ್ಲದಿದ್ದರೆ ಗೆದ್ದದ್ದೇನು?